ನಕ್ಷೆಯ ಗುಟ್ಟನ್ನು ಬಿಚ್ಚಿದ ಉಪಾಧ್ಯಾಯ

ತಾಂತ್ರಿಕ ಶಿಕ್ಷಣಕ್ಕೆ ಸೇರಿದ ವಿದ್ಯಾರ್ಥಿಯು ನಕ್ಷೆಯ ಹಲಗೆಯ ಮುಂದೆ ನಿಂತ ಮೊದಲ ದಿನಗಳಲ್ಲಿಯೇ ಬಿಳಿಯ ಹಾಳೆಯ ನಡುವೆ ಒಂದು ಅಡ್ಡಗೆರೆಯನ್ನು ಎಳೆಯಲು ಕಲಿಯುತ್ತಾನೆ. ಗೆರೆಯ ಮೇಲ್ಗಡೆ ವಸ್ತುವನ್ನು ಎದುರಿನಿಂದ ಕಂಡ ನೋಟ. ಕೆಳಗಡೆ ಅದೇ ವಸ್ತುವನ್ನು ಮೇಲಿನಿಂದ ಕಂಡ ನೋಟ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ಹುಬ್ಬಳ್ಳಿಯ ಪಾಲಿಟೆಕ್ನಿಕ್ಕಿನಲ್ಲಿಯೂ ಪಾಠ ಇದೇ. ಇದು ನಮಗೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಯಾರೋ ಒಬ್ಬರು ಇದನ್ನು ಮೊದಲು ಒಂದು ಶಾಸ್ತ್ರವಾಗಿ ಕಟ್ಟಿರಬೇಕೆಂಬ ಯೋಚನೆಯೇ ಹೊಳೆಯುವುದಿಲ್ಲ. ಆದರೆ ಈ ಅಡ್ಡಗೆರೆಗೂ ಒಂದು ಚರಿತ್ರೆಯುಂಟು. ಸುಮಾರು ಮೂವತ್ತು ವರ್ಷಗಳ ಕಾಲ ಇದರ ಶಾಸ್ತ್ರ ಒಂದು ರಾಜ್ಯದ ಸೈನಿಕ ರಹಸ್ಯವಾಗಿದ್ದಿತು. ಅದನ್ನು ಕಟ್ಟಿದವನು ಊರೂರು ತಿರುಗಿ ಬದುಕಿದ ಸಣ್ಣ ವ್ಯಾಪಾರಿಯೊಬ್ಬನ ಮಗ. ಅದನ್ನು ಎಲ್ಲರ ಮಕ್ಕಳಿಗೂ ಕಲಿಸಬೇಕೆಂಬ ಹಂಬಲವೇ ಆತನ ಬಾಳನ್ನು ನಡೆಸಿತು. ಆತ ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮೋಂಜ್.

ಮೋಂಜ್ 1746ರ ಮೇ ತಿಂಗಳಲ್ಲಿ ಬರ್ಗಂಡಿ ಪ್ರಾಂತದ ಬೋನ್ ಎಂಬ ಪಟ್ಟಣದಲ್ಲಿ ಜನಿಸಿದನು. ತಂದೆ ಜಾಕ್ ಮೋಂಜ್ ಸವಾಯ್ ಬೆಟ್ಟಸೀಮೆಯಿಂದ ಬಂದು ಅಲ್ಲಿ ನೆಲೆಸಿದವನು. ತನಗೆ ದೊರೆಯದ ವಿದ್ಯೆ ಮಕ್ಕಳಿಗಾದರೂ ದೊರೆಯಲೆಂದು ಆತ ಮೂವರು ಗಂಡುಮಕ್ಕಳನ್ನೂ ಊರಿನ ಪಾದ್ರಿಗಳ ಶಾಲೆಗೆ ಕಳುಹಿಸಿದನು. ಹಿರಿಯನಾದ ಗಾಸ್ಪಾರನ ಕೈಗೂ ಬುದ್ಧಿಗೂ ಚಿಕ್ಕಂದಿನಿಂದಲೇ ಸ್ನೇಹ. ಹದಿನಾಲ್ಕನೆಯ ವಯಸ್ಸಿನಲ್ಲಿ ಆತ ಬೆಂಕಿ ನಂದಿಸುವ ನೀರಿನ ಯಂತ್ರವೊಂದನ್ನು ತಾನೇ ಮಾಡಿದನೆಂದು ಜೀವನಚರಿತ್ರಕಾರರು ಬರೆದಿದ್ದಾರೆ. 1762ರಲ್ಲಿ ಹೆಚ್ಚಿನ ವ್ಯಾಸಂಗಕ್ಕಾಗಿ ಲಿಯಾನ್ ನಗರಕ್ಕೆ ಹೋದನು. ಅಲ್ಲಿಯ ಗುರುಗಳು ಈ ಹುಡುಗನನ್ನು ಒಂದು ವರ್ಷದಲ್ಲಿಯೇ ಭೌತಶಾಸ್ತ್ರದ ಪಾಠ ಹೇಳಲು ನಿಲ್ಲಿಸಿದರು. ಹದಿನೇಳು ವರ್ಷದ ಉಪಾಧ್ಯಾಯ! ಕಲಿಯುವ ವಯಸ್ಸಿನಲ್ಲಿ ಕಲಿಸಲು ತೊಡಗಿದವನು ಮುಂದೆ ಮುಪ್ಪಿನವರೆಗೂ ಆ ಕೆಲಸವನ್ನು ಬಿಡಲಿಲ್ಲ.

1764ರಲ್ಲಿ ವ್ಯಾಸಂಗ ಮುಗಿಸಿ ಬೋನ್ ಪಟ್ಟಣಕ್ಕೆ ಹಿಂದಿರುಗಿದಾಗ ಆತ ತನ್ನ ಊರಿನ ನಕ್ಷೆಯನ್ನು ತಯಾರಿಸಿದನು. ಮೋಜಣಿಯ ಉಪಕರಣಗಳು ದೊರೆಯದೆ ಅವನ್ನೂ ತಾನೇ ಮಾಡಿಕೊಂಡನು. ಬೀದಿ, ಗೋಡೆ, ತಿರುವುಗಳೆಲ್ಲ ಅಚ್ಚುಕಟ್ಟಾಗಿ ಮೂಡಿದ ಆ ನಕ್ಷೆ ಆತನ ಬಾಳಿನ ದಿಕ್ಕನ್ನೇ ಬದಲಿಸಿತು. ಮೆಝಿಯೇರ್ ಎಂಬಲ್ಲಿದ್ದ ರಾಜಾಶ್ರಯದ ಸೈನಿಕ ಎಂಜಿನಿಯರಿಂಗ್ ಶಾಲೆಯ ಅಧಿಕಾರಿಯೊಬ್ಬನು ಅದನ್ನು ಕಂಡು ಮೆಚ್ಚಿ, ತರುಣನಿಗೆ ಆ ಶಾಲೆಯಲ್ಲಿ ನಕ್ಷೆಗಾರನ ಕೆಲಸ ಕೊಡಿಸಿದನು. 1765ರಲ್ಲಿ ಮೋಂಜ್ ಅಲ್ಲಿಗೆ ಹೋದನು.

ಮೆಝಿಯೇರ್ ಶಾಲೆಗೆ ಐರೋಪ್ಯ ಖ್ಯಾತಿಯಿತ್ತು. ಆದರೆ ಅದರ ಬಾಗಿಲು ಕುಲವನ್ನು ನೋಡಿ ತೆರೆಯುತ್ತಿದ್ದ ಬಾಗಿಲು. ಅಧಿಕಾರಿಯಾಗಲು ಅಲ್ಲಿ ಓದಬೇಕೆನ್ನುವವನು ತನ್ನ ಮನೆತನದ ಹಿರಿಮೆಗೆ ಆಧಾರ ತೋರಿಸಬೇಕಾಗಿತ್ತು. ವ್ಯಾಪಾರಿಯ ಮಗ ಎಷ್ಟು ಜಾಣನಾದರೂ ಆ ಸಾಲಿನಲ್ಲಿ ಕುಳಿತುಕೊಳ್ಳುವಂತಿರಲಿಲ್ಲ. ಅವನಿಗೆ ದೊರೆತ ಜಾಗ, ಮುಖ್ಯಶಾಲೆಗೆ ಅಂಟಿಕೊಂಡಿದ್ದ ಕೆಲಸದ ಮನೆ. ಕೋಟೆಯ ಮಾದರಿಗಳನ್ನು, ಕಮಾನಿಗೆ ಬೇಕಾದ ಕಲ್ಲಿನ ಆಕಾರಗಳನ್ನು ಅಲ್ಲಿ ಗಾರೆಯಿಂದ ಮಾಡುತ್ತಿದ್ದರು. ಕುಲೀನರ ಮಕ್ಕಳು ಅದನ್ನು ಗಾರೆ ಕಲಸುವವರ ಕೋಣೆಯೆಂದು ಹಗುರವಾಗಿ ಕಾಣುತ್ತಿದ್ದರು. ಮೋಂಜ್‌ಗೆ ಈ ಅವಮಾನ ಚುಚ್ಚದೆ ಇರಲಿಲ್ಲ. ಆದರೂ ಆತನ ಶಾಸ್ತ್ರ ಹುಟ್ಟಿದ್ದು ಆ ಕೋಣೆಯಲ್ಲಿಯೇ ಎಂಬುದು ನೆನಪಿಡತಕ್ಕ ಮಾತು. ಗಾರೆಯ ತುಂಡನ್ನು ಕೈಯಲ್ಲಿ ತಿರುಗಿಸುತ್ತ, ಅದರ ಅಂಚು ಹಾಳೆಯ ಮೇಲೆ ಹೇಗೆ ಬೀಳುತ್ತದೆಂದು ನೋಡುತ್ತ ಕಳೆದ ದಿನಗಳು ವ್ಯರ್ಥವಾಗಲಿಲ್ಲ.

ಒಂದು ವರ್ಷ ಕಳೆಯುವಷ್ಟರಲ್ಲಿ ಅವಕಾಶ ಒದಗಿತು. ಒಂದು ಕೋಟೆಗೆ ನಕ್ಷೆ ಹಾಕಬೇಕಾಗಿತ್ತು. ಸುತ್ತಲ ದಿಣ್ಣೆಗಳ ಮೇಲೆ ಶತ್ರು ಎಲ್ಲಿಯೇ ನಿಂತರೂ ಕೋಟೆಯ ಒಳಗಣ ಸೈನಿಕ ಅವನ ಕಣ್ಣಿಗಾಗಲಿ ಗುಂಡಿಗಾಗಲಿ ಸಿಗಬಾರದು; ಹಾಗಿದ್ದರೆ ಗೋಡೆ ಎಲ್ಲೆಲ್ಲಿ ಎಷ್ಟೆಷ್ಟು ಎತ್ತರವಿರಬೇಕು? ಬಿಂದುವಿನಿಂದ ಬಿಂದುವಿಗೆ ಅಂಕಗಣಿತದ ಲೆಕ್ಕ ಹಾಕುತ್ತ ಹೋಗುವುದು ಅಂದಿನ ವಾಡಿಕೆ. ಅದು ಬಹುದಿನಗಳ ದುಡಿಮೆ. ಮೋಂಜ್ ಲೆಕ್ಕದ ರಾಶಿಯನ್ನು ಬದಿಗಿಟ್ಟು, ಕೈವಾರ ಅಳತೆಪಟ್ಟಿಗಳಿಂದಲೇ ಉತ್ತರವನ್ನು ಗೆರೆಯೆಳೆದು ತೋರಿಸಿದನು. ಕೆಲಸ ಇಷ್ಟು ಬೇಗ ಮುಗಿದುದನ್ನು ಕಂಡ ಮೇಲಧಿಕಾರಿ ಮೊದಲು ಹಾಳೆಯನ್ನು ಕಣ್ಣೆತ್ತಿ ನೋಡಲೂ ಒಪ್ಪಲಿಲ್ಲ. ಲೆಕ್ಕ ಮಾಡಲು ಬೇಕಾದ ಕಾಲವೇ ಆಗಿಲ್ಲವೆಂದ ಮೇಲೆ ಉತ್ತರ ಸರಿಯಿರುವುದು ಹೇಗೆಂಬುದು ಅವನ ವಾದ. ಮೋಂಜ್ ಪಟ್ಟು ಬಿಡದೆ ಪರೀಕ್ಷಿಸಲು ಕೇಳಿಕೊಂಡನು. ಪರೀಕ್ಷಿಸಿದಾಗ ಉತ್ತರ ಸರಿಯಾಗಿದ್ದಿತು.

ಆ ಕ್ರಮದ ತಿರುಳನ್ನು ಹೈಸ್ಕೂಲಿನ ಹುಡುಗನೂ ಗ್ರಹಿಸಬಹುದು. ಕೋಣೆಯೊಂದರಲ್ಲಿ ತೂಗುವ ದೀಪವನ್ನು ನೆನೆಯಿರಿ. ದೀಪದಿಂದ ನೇರವಾಗಿ ನೆಲಕ್ಕೆ ಒಂದು ಗುರುತು, ನೇರವಾಗಿ ಎದುರುಗೋಡೆಗೆ ಒಂದು ಗುರುತು. ಈ ಎರಡು ಗುರುತುಗಳು ತಿಳಿದರೆ ದೀಪ ಎಲ್ಲಿದೆಯೆಂಬುದು ಖಚಿತ. ಈಗ ಗೋಡೆ ನೆಲವನ್ನು ಸೇರುವ ಗೆರೆಯನ್ನು ಬಾಗಿಲ ತಿರುಗಣಿಯಂತೆ ಭಾವಿಸಿ, ಗೋಡೆಯನ್ನು ಹಿಂದಕ್ಕೆ ಮಲಗಿಸಿದರೆ ಗೋಡೆಯೂ ನೆಲವೂ ಒಂದೇ ಹಾಳೆಯಾಗುತ್ತವೆ. ಉದ್ದ, ಅಗಲ, ಎತ್ತರಗಳುಳ್ಳ ಜಗತ್ತು ಚಪ್ಪಟೆಯಾದ ಕಾಗದಕ್ಕೆ ಇಳಿದು ಬಂದಿತು. ಒಂದು ಅಳತೆಯೂ ಕಳೆದುಹೋಗಲಿಲ್ಲ. ಓರೆಯಾಗಿ ನಿಂತ ಕೋಲಿನ ನಿಜವಾದ ಉದ್ದವೆಷ್ಟು? ಕೋಲನ್ನು ಗೋಡೆಗೆ ಸಮಾನಾಂತರವಾಗುವವರೆಗೆ ಮನಸ್ಸಿನಲ್ಲಿಯೇ ತಿರುಗಿಸಿದರೆ, ಗೋಡೆಯ ಮೇಲಿನ ಅದರ ಗೆರೆಯೇ ಉತ್ತರ. ಎರಡು ಕೊಳವೆಗಳು ಒಂದನ್ನೊಂದು ತೂರಿ ಹೋದರೆ ಸಂಧಿಯ ಅಂಚು ಯಾವ ವಕ್ರರೇಖೆ? ಅದನ್ನೂ ಗೆರೆಗಳಿಂದಲೇ ಕಂಡುಹಿಡಿಯಬಹುದು.

ಕಲ್ಲುಕುಟಿಗರಿಗೂ ಬಡಗಿಗಳಿಗೂ ಇಂಥ ಉಪಾಯಗಳು ತಲೆಮಾರುಗಳಿಂದ ಬಿಡಿಬಿಡಿಯಾಗಿ ತಿಳಿದಿದ್ದವು. ಆಯಾ ಕಸುಬಿನವರು ಅವನ್ನು ತಮ್ಮ ತಮ್ಮಲ್ಲಿ ಇಟ್ಟುಕೊಂಡಿದ್ದರು. ದೆಝಾರ್ಗ್, ಫ್ರೆಝಿಯೇ ಮೊದಲಾದ ವಿದ್ವಾಂಸರು ಕಲ್ಲು ಕತ್ತರಿಸುವ ರೇಖಾಗಣಿತವನ್ನು ಕುರಿತು ಮೋಂಜ್‌ಗಿಂತ ಮೊದಲೇ ಬರೆದಿದ್ದರು. ಈ ಬಿಡಿ ಉಪಾಯಗಳ ಹಿಂದಿರುವ ಒಂದೇ ನಿಯಮವನ್ನು ಕಂಡು, ಅದನ್ನು ಮೊದಲಿನಿಂದ ಕೊನೆಯವರೆಗೆ ಕಲಿಸಬಹುದಾದ ಶಾಸ್ತ್ರವಾಗಿ ಮಾಡಿದುದು ಮೋಂಜ್‌ನ ಹಿರಿಮೆ. ಇಂಗ್ಲಿಷ್ ಬಲ್ಲವರು ಡಿಸ್ಕ್ರಿಪ್ಟಿವ್ ಜಾಮೆಟ್ರಿ ಎನ್ನುವ ಈ ವಿದ್ಯೆಯನ್ನು ನಾವು ವಿವರಣಾ ರೇಖಾಗಣಿತವೆಂದು ಕರೆಯಬಹುದು.

ಕೋಟೆಯ ನಕ್ಷೆ ಮೋಂಜ್‌ಗೆ ಗೌರವ ತಂದಿತು; ಜೊತೆಗೆ ಬಾಯಿಗೆ ಬೀಗವನ್ನೂ ಹಾಕಿತು. ಇಷ್ಟು ಉಪಯುಕ್ತವಾದ ವಿದ್ಯೆ ಶತ್ರುರಾಜ್ಯಗಳಿಗೆ ತಿಳಿಯಬಾರದೆಂದು ಸೇನೆಯವರು ಅದನ್ನು ಶಾಲೆಯ ಗೋಡೆಯೊಳಗೇ ಇಟ್ಟರು. ಗಣಿತದ ಪ್ರಾಧ್ಯಾಪಕ ಬೊಸ್ಸು ಪ್ಯಾರಿಸಿಗೆ ಹೋದ ಮೇಲೆ 1769ರಲ್ಲಿ ಆ ಪಾಠ ಮೋಂಜ್‌ನ ಪಾಲಿಗೆ ಬಂದಿತು. ಯಾವ ಸಾಲಿನಲ್ಲಿ ಕುಳಿತುಕೊಳ್ಳಲು ಆತನಿಗೆ ಅರ್ಹತೆಯಿಲ್ಲವೆಂದಿದ್ದರೋ ಆ ಸಾಲಿನವರಿಗೇ ಆತ ಈಗ ಗುರು. ಮುಂದೆ ಕ್ರಾಂತಿಯ ಸೇನೆಗಳನ್ನು ಸಂಘಟಿಸಿದ ಲಾಝಾರ್ ಕಾರ್ನೋ ಅಲ್ಲಿ ಆತನ ಶಿಷ್ಯ. ಆದರೆ ಹೊರಗಿನ ಶಿಷ್ಯರಿಗೆ ಇದರಲ್ಲಿ ಪಾಲಿರಲಿಲ್ಲ. ತಾನು ಬೀಜಗಣಿತದಿಂದ ಬಿಡಿಸಿ ತೋರಿಸುವುದನ್ನು ಕೈವಾರ ಅಳತೆಪಟ್ಟಿಗಳಿಂದಲೂ ಬಿಡಿಸಬಲ್ಲೆ, ಹೇಳಲು ಮಾತ್ರ ಅಪ್ಪಣೆಯಿಲ್ಲ ಎಂದು ಆತ ಪ್ಯಾರಿಸಿನ ಶಿಷ್ಯರಿಗೆ ಹೇಳುತ್ತಿದ್ದನೆಂದು ಅವರಲ್ಲೊಬ್ಬನಾದ ಲಕ್ರುವಾ ನೆನೆದಿದ್ದಾನೆ. ಕಲಿಸುವುದೇ ಸ್ವಭಾವವಾದವನಿಗೆ ಇದಕ್ಕಿಂತ ಕಠಿನವಾದ ಶಿಕ್ಷೆ ಯಾವುದಿದ್ದೀತು?

ಮೋಂಜ್ 1780ರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯನಾದನು. 1783ರಲ್ಲಿ ನೌಕಾದಳದ ವಿದ್ಯಾರ್ಥಿಗಳ ಪರೀಕ್ಷಕನಾಗಿ, ಮರುವರ್ಷದ ಕೊನೆಗೆ ಮೆಝಿಯೇರ್ ಶಾಲೆಯನ್ನು ಬಿಟ್ಟನು. ಆ ನೌಕಾ ವಿದ್ಯಾರ್ಥಿಗಳಿಗಾಗಿಯೇ 1788ರಲ್ಲಿ ಸ್ಥಿತಿಶಾಸ್ತ್ರವನ್ನು ಕುರಿತ ಸುಲಭವಾದ ಪಠ್ಯಪುಸ್ತಕವನ್ನು ಪ್ರಕಟಿಸಿದನು. ಮರುವರ್ಷವೇ ಫ್ರಾನ್ಸಿನ ಮಹಾಕ್ರಾಂತಿ. ಕುಲದ ಬಾಗಿಲುಗಳನ್ನು ಮುರಿಯಹೊರಟ ಕ್ರಾಂತಿಯನ್ನು ಮೋಂಜ್ ಮನಸಾರೆ ಒಪ್ಪಿದನು. 1792ರ ಆಗಸ್ಟಿನಿಂದ ಎಂಟು ತಿಂಗಳು ನೌಕಾಖಾತೆಯ ಮಂತ್ರಿಯಾಗಿದ್ದನು; ಅರಸನಿಗೆ ಮರಣದಂಡನೆಯಾದಾಗ ಆತ ಮಂತ್ರಿಮಂಡಲದಲ್ಲಿದ್ದನು. ಆಡಳಿತ ಆತನಿಗೆ ಒಗ್ಗಲಿಲ್ಲ. ಒಗ್ಗಿದ ಕೆಲಸ ಬೇರೆ ರೂಪದಲ್ಲಿ ಬಂದಿತು. ಸುತ್ತಲೂ ಯುದ್ಧ, ಹೊರಗಿನಿಂದ ಉಕ್ಕು ಬಾರದು, ಮದ್ದಿಗೆ ಪೆಟ್ಲುಪ್ಪು ಸಾಲದು. 1794ರ ವಸಂತದಲ್ಲಿ ದೇಶದ ಮೂಲೆಮೂಲೆಗಳಿಂದ ಬಂದ ನೂರಾರು ಸಾಮಾನ್ಯ ಜನರಿಗೆ ಪ್ಯಾರಿಸಿನಲ್ಲಿ ಪೆಟ್ಲುಪ್ಪು ಸೋಸುವುದನ್ನೂ ಮದ್ದು ಅರೆಯುವುದನ್ನೂ ತೋಪು ಎರಕಹೊಯ್ಯುವುದನ್ನೂ ಕೆಲವೇ ವಾರಗಳಲ್ಲಿ ಕಲಿಸಿ ಕಳುಹಿಸಲಾಯಿತು. ಕಲಿಸಿದವರಲ್ಲಿ ಮೋಂಜ್ ಒಬ್ಬ. ತೋಪು ತಯಾರಿಕೆಯನ್ನು ಕುರಿತು ನಕ್ಷೆಗಳ ಸಹಿತ ಪುಸ್ತಕವನ್ನೂ ಬರೆದನು. ಅದೇ ವರ್ಷದ ಮೇ ತಿಂಗಳಲ್ಲಿ ರಸಾಯನಶಾಸ್ತ್ರಜ್ಞ ಲವಾಸಿಯೆ ವಧಸ್ತಂಭವೇರಿದನು. ವಿದ್ಯೆಗೆ ಮಣೆ ಹಾಕಿದ ಕ್ರಾಂತಿಯೇ ವಿದ್ವಾಂಸನ ತಲೆಯನ್ನೂ ತೆಗೆಯಿತು. ಮೋಂಜ್ ಬದುಕಿದುದು ಇಂಥ ಕಾಲದಲ್ಲಿ.

ಆ ಭಯದ ದಿನಗಳು ಕಳೆದ ಮೇಲೆ 1795ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ಎಕೋಲ್ ನಾರ್ಮಾಲ್ ಎಂಬ ಉಪಾಧ್ಯಾಯರ ಶಾಲೆ ತೆರೆಯಿತು. ಪ್ರಾಂತಗಳಿಂದ ಸಾವಿರಕ್ಕೂ ಮಿಕ್ಕ ಜನ ಬಂದು ಸೇರಿದರು. ಲಗ್ರಾಂಜ್, ಲಪ್ಲಾಸ್, ಬರ್ತೊಲೆ ಮುಂತಾದ ಘಟಾನುಘಟಿಗಳು ಅಲ್ಲಿ ಪಾಠ ಹೇಳಿದರು. ಆ ಸಭಾಂಗಣದಲ್ಲಿ ಮೋಂಜ್ ತನ್ನ ವಿವರಣಾ ರೇಖಾಗಣಿತವನ್ನು ಮೊಟ್ಟಮೊದಲ ಬಾರಿಗೆ ಬಹಿರಂಗವಾಗಿ ಕಲಿಸಿದನು. ಶೀಘ್ರಲಿಪಿಕಾರರು ಮಾತನ್ನು ಮಾತಾಗಿಯೇ ಬರೆದುಕೊಂಡರು. ಅದು ಅಚ್ಚಾಗಿ ಹೊರಬಿದ್ದಿತು. ಕೋಟೆಯೊಳಗೆ ಅಡಗಿದ್ದ ಗುಟ್ಟು ಊರಿನ ಸೊತ್ತಾಯಿತು. ಶಿಷ್ಯ ಅಶೆತ್ 1799ರಲ್ಲಿ ಆ ಪಾಠಗಳನ್ನು ಪುಸ್ತಕರೂಪಕ್ಕೆ ತಂದನು.

ಆ ಪುಸ್ತಕದ ಆರಂಭದಲ್ಲಿ ಮೋಂಜ್ ತನ್ನ ಉದ್ದೇಶವನ್ನು ಸ್ಪಷ್ಟಪಡಿಸಿದ್ದಾನೆ. ಘನವಸ್ತುವನ್ನು ಕಾಗದದ ಮೇಲೆ ಖಚಿತವಾಗಿ ತೋರಿಸುವುದು ಈ ಶಾಸ್ತ್ರದ ಒಂದು ಗುರಿ. ಆ ಚಿತ್ರದಿಂದ ವಸ್ತುವಿನ ಆಕಾರ ಸ್ಥಾನಗಳ ಸತ್ಯಗಳನ್ನು ಹೊರತೆಗೆಯುವುದು ಎರಡನೆಯದು. ಯೋಜಿಸುವ ಎಂಜಿನಿಯರಿಗೂ ನಡೆಸುವ ಮೇಸ್ತ್ರಿಗೂ ಕೊನೆಗೆ ಕೈಯಿಂದ ಮಾಡುವ ಕೆಲಸಗಾರನಿಗೂ ಇದು ಸಮಾನವಾದ ಭಾಷೆಯೆಂಬುದು ಆತನ ನಂಬಿಕೆ. ಫ್ರಾನ್ಸಿನ ಕೈಗಾರಿಕೆ ಪರದೇಶಗಳ ಮುಂದೆ ಕೈಯೊಡ್ಡದೆ ನಿಲ್ಲಬೇಕಾದರೆ ಕರಾರುವಾಕ್ಕಾದ ಕೆಲಸದ ರುಚಿ ಜನರಿಗೆ ಹತ್ತಬೇಕು. ಅದಕ್ಕಾಗಿ ಆಸ್ತಿಯುಳ್ಳವರ ಮಕ್ಕಳೂ ದುಡಿದು ತಿನ್ನುವವರ ಮಕ್ಕಳೂ ಎಳೆಯ ವಯಸ್ಸಿನಲ್ಲಿಯೇ ಇದನ್ನು ಕಲಿಯಬೇಕೆಂದು ಆತ ವಾದಿಸಿದನು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬಡವರಿಗೆ ಕಸುಬು, ಉಳ್ಳವರಿಗೆ ಶಾಸ್ತ್ರ ಎಂದು ಆತ ಪಾಲು ಮಾಡಲಿಲ್ಲ. ಇಬ್ಬರ ಮುಂದೆಯೂ ಒಂದೇ ಹಲಗೆಯನ್ನಿಟ್ಟನು.

ಎಕೋಲ್ ನಾರ್ಮಾಲ್ ನಾಲ್ಕೇ ತಿಂಗಳಲ್ಲಿ ಮುಚ್ಚಿತು. ಆದರೆ ಅದೇ ವರ್ಷದ ಅಕ್ಟೋಬರಿನ ಶಾಸನದಂತೆ ಪ್ರತಿ ಜಿಲ್ಲೆಗೂ ಒಂದು ಕೇಂದ್ರಶಾಲೆಯೆಂಬ ಪ್ರೌಢಶಾಲೆ ಗೊತ್ತಾಯಿತು. ಹನ್ನೆರಡು ವರ್ಷ ತುಂಬಿದ ಹುಡುಗರಿಗೆ ಮೊದಲ ಘಟ್ಟದಲ್ಲಿಯೇ ರೇಖಾಚಿತ್ರಣ ಅಲ್ಲಿಯ ಪಾಠಗಳಲ್ಲೊಂದು. ಹಲವು ಊರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ವಿದ್ಯಾರ್ಥಿಗಳನ್ನು ಸೆಳೆದ ತರಗತಿಯೂ ಅದೇ.

ಮೋಂಜ್‌ನ ಕೈ ನೇರವಾಗಿ ಆಡಿದುದು ಇನ್ನೊಂದು ಸಂಸ್ಥೆಯಲ್ಲಿ. 1794ರ ಕೊನೆಯಲ್ಲಿ ಆರಂಭವಾಗಿ ಮರುವರ್ಷ ಎಕೋಲ್ ಪಾಲಿಟೆಕ್ನಿಕ್ ಎಂಬ ಹೆಸರು ಪಡೆದ ಆ ಶಾಲೆಯ ಸ್ಥಾಪಕರಲ್ಲಿ ಆತ ಮುಖ್ಯನು. ಹದಿನಾರರಿಂದ ಇಪ್ಪತ್ತರ ವಯಸ್ಸಿನ ಹುಡುಗರಿಗೆ ಪ್ರವೇಶ. ಅದಕ್ಕೆ ಪರೀಕ್ಷೆಯೊಂದೇ ದಾರಿ, ಕುಲದ ವಿಚಾರಣೆಯಿಲ್ಲ. ವಿದ್ಯಾರ್ಥಿಗಳಿಗೆ ಸರ್ಕಾರವೇ ವೇತನ ಕೊಡುತ್ತಿದ್ದಿತು. ಮೆಝಿಯೇರ್ ಶಾಲೆ ತನಗೆ ನಿರಾಕರಿಸಿದುದೆಲ್ಲವನ್ನೂ ಮೋಂಜ್ ಇಲ್ಲಿ ಇತರರ ಮಕ್ಕಳಿಗೆ ಕೊಡಿಸಿದನೆನ್ನಬಹುದು.

ಪಾಠದ ಕ್ರಮವೂ ಹೊಸದು. ಉಪನ್ಯಾಸವನ್ನು ಕೇಳಿ ಎದ್ದುಹೋಗುವಂತಿರಲಿಲ್ಲ. ಹುಡುಗರನ್ನು ಸಣ್ಣ ಸಣ್ಣ ತಂಡಗಳಾಗಿ ಮಾಡಿ, ಪ್ರತಿ ತಂಡಕ್ಕೂ ಒಂದು ಕೊಠಡಿ. ಬೆಳಗಿನ ಪಾಠದಲ್ಲಿ ಕೇಳಿದುದನ್ನು ಅಲ್ಲಿ ಕೈಯಾರೆ ಗೆರೆಯೆಳೆದು ತೋರಿಸಬೇಕು. ತಂಡಕ್ಕೊಬ್ಬ ಮುಂದಾಳು, ಅವನೂ ವಿದ್ಯಾರ್ಥಿಯೇ. ಮೊದಲ ವರ್ಷದ ಹುಡುಗರಲ್ಲಿ ಚುರುಕಾದವರನ್ನು ಮೊದಲೇ ಆರಿಸಿ, ಮೋಂಜ್ ತಾನೇ ಅವರೊಡನೆ ಕುಳಿತು ಪಳಗಿಸಿದ್ದನು. ಆತ ವಾಗ್ಮಿಯಲ್ಲ, ಆದರೆ ಆತನ ಎರಡು ಕೈಗಳು ಗಾಳಿಯಲ್ಲಿ ಚಲಿಸಿದರೆ ಗೋಳವೂ ಶಂಕುವೂ ಅವುಗಳ ಸಂಧಿಯ ಗೆರೆಯೂ ಕಣ್ಣಿಗೆ ಕಟ್ಟುತ್ತಿದ್ದವೆಂದು ಶಿಷ್ಯರು ಬಣ್ಣಿಸಿದ್ದಾರೆ.

ಈ ಶಿಕ್ಷಣ ಎಷ್ಟು ಆಳಕ್ಕೆ ಇಳಿಯುತ್ತಿತ್ತೆಂಬುದಕ್ಕೆ ಪೊನ್ಸ್ಲೆಯ ನಿದರ್ಶನವೊಂದೇ ಸಾಕು. ಪಾಲಿಟೆಕ್ನಿಕ್ಕಿನಲ್ಲಿ ಕಲಿತ ಈ ತರುಣ 1812ರಲ್ಲಿ ನೆಪೋಲಿಯನ್ನನ ಸೇನೆಯೊಡನೆ ರಷ್ಯಕ್ಕೆ ಹೋಗಿ ಸೆರೆಸಿಕ್ಕಿದನು. ಸರಾತೊವ್ ಊರಿನ ಸೆರೆಯಲ್ಲಿ ಪುಸ್ತಕವೊಂದೂ ಇರಲಿಲ್ಲ. ಮೋಂಜ್ ಮೊದಲಾದ ಗುರುಗಳಿಂದ ಕಲಿತುದರಲ್ಲಿ ನೆನಪಿನಲ್ಲಿ ಉಳಿದಷ್ಟನ್ನೇ ಆಧಾರವಾಗಿಟ್ಟುಕೊಂಡು ಆತ ಹೊಸದೊಂದು ರೇಖಾಗಣಿತಕ್ಕೆ ತಳಹದಿ ಹಾಕಿದನು. 1822ರಲ್ಲಿ ಅದು ಗ್ರಂಥವಾಗಿ ಬಂದಿತು. ಪುಸ್ತಕವನ್ನು ಕಿತ್ತುಕೊಂಡರೂ ಉಳಿಯುವಂಥದು ಆ ವಿದ್ಯೆ.

ಇಷ್ಟೇ ಹೇಳಿ ನಿಲ್ಲಿಸಿದರೆ ಮೋಂಜ್‌ನ ಚಿತ್ರ ಅಪೂರ್ಣವಾದೀತು. ಆತನ ಬಾಳಿನಲ್ಲಿ ಇನ್ನೊಂದು ಸೆಳೆತವಿತ್ತು, ಅದು ನೆಪೋಲಿಯನ್. 1796ರಲ್ಲಿ ಗೆದ್ದ ಇಟಲಿಯಿಂದ ಕಲಾಕೃತಿಗಳನ್ನು ಆರಿಸಿ ಪ್ಯಾರಿಸಿಗೆ ಸಾಗಿಸುವ ಮಂಡಲಿಯಲ್ಲಿ ಮೋಂಜ್ ಇದ್ದನು. ಅದನ್ನು ಕೊಳ್ಳೆಯೆನ್ನದೆ ಬೇರೇನೂ ಎನ್ನಲಾಗದು. 1798ರಲ್ಲಿ ಈಜಿಪ್ಟಿನ ದಂಡಯಾತ್ರೆಗೂ ಹೋದನು. ಕೈರೋದಲ್ಲಿ ಸ್ಥಾಪಿತವಾದ ವಿದ್ವತ್ಸಂಸ್ಥೆಗೆ ಆತ ಅಧ್ಯಕ್ಷ, ನೆಪೋಲಿಯನ್ ಉಪಾಧ್ಯಕ್ಷ. ಮರುಳುಗಾಡಿನ ಬಿಸಿಲ್ಗುದುರೆಗೆ ಆತ ಅಲ್ಲಿ ವೈಜ್ಞಾನಿಕ ವಿವರಣೆ ಕೊಟ್ಟನು. ಮರಳಿ ಬಂದ ಮೇಲೆ ಸೆನೆಟಿನ ಸದಸ್ಯನಾದನು. 1808ರಲ್ಲಿ ಕೌಂಟ್ ಪದವಿಯೂ ಬಂದಿತು. ಕುಲದ ಹೆಮ್ಮೆಯಿಂದ ನೊಂದಿದ್ದವನು ಕೊನೆಗೆ ತಾನೂ ಬಿರುದಾಂಕಿತನಾದನು.

ಅದೇ ನೆಪೋಲಿಯನ್ 1802ರಲ್ಲಿ ಕೇಂದ್ರಶಾಲೆಗಳನ್ನು ತೆಗೆದುಹಾಕಿ, ಲ್ಯಾಟಿನ್ ಮತ್ತು ಗಣಿತಗಳನ್ನೇ ಮುಖ್ಯವಾಗಿಸಿದ ಲಿಸೆ ಶಾಲೆಗಳನ್ನು ಸ್ಥಾಪಿಸಿದನು. ನಕ್ಷೆಯ ಹಲಗೆ ಹಿಂದಕ್ಕೆ ಸರಿಯಿತು. 1804ರಲ್ಲಿ ಪಾಲಿಟೆಕ್ನಿಕ್ ಸೈನಿಕ ಶಿಸ್ತಿಗೆ ಒಳಪಟ್ಟಿತು. ಮರುವರ್ಷದಿಂದ ವಿದ್ಯಾರ್ಥಿಗಳೇ ಶುಲ್ಕ ತೆರಬೇಕಾಯಿತು. ಬಡವರ ಮಕ್ಕಳಿಗೆ ತೆರೆದಿದ್ದ ಬಾಗಿಲು ಅರ್ಧ ಮುಚ್ಚಿದಂತಾಯಿತು. ಚಕ್ರಾಧಿಪತ್ಯವನ್ನು ಒಪ್ಪದ ಹುಡುಗರ ಮೇಲೆ ನೆಪೋಲಿಯನ್ ಸಿಟ್ಟುಗೊಂಡಾಗ ಮೋಂಜ್ ಅವರ ಪರವಾಗಿ ನಿಂತನು. ಅವರನ್ನು ಗಣರಾಜ್ಯದ ಭಕ್ತರನ್ನಾಗಿ ಮಾಡಲು ತಾವು ಬಹಳ ಶ್ರಮಪಟ್ಟಿದ್ದೆವು, ತಿರುವು ಇಷ್ಟು ಬಿರುಸಾದರೆ ಅವರಿಗೂ ಕೊಂಚ ಕಾಲ ಬೇಕು ಎಂಬರ್ಥದಲ್ಲಿ ಆತ ಉತ್ತರಿಸಿದನೆಂದು ಪ್ರತೀತಿ. ಶಿಷ್ಯರನ್ನೂ ಪ್ರಭುವನ್ನೂ ಏಕಕಾಲದಲ್ಲಿ ಬಿಟ್ಟುಕೊಡದ ಆ ಹೃದಯದ ಇಕ್ಕಟ್ಟು ಈ ಮಾತಿನಲ್ಲಿ ಕಾಣುತ್ತದೆ.

1809ರಲ್ಲಿ ದೇಹಾರೋಗ್ಯ ಕೆಟ್ಟು ಮೋಂಜ್ ಪಾಠ ಹೇಳುವುದನ್ನು ನಿಲ್ಲಿಸಿದನು. ನೆಪೋಲಿಯನ್ನನ ಪತನದೊಡನೆ ಆತನ ಭಾಗ್ಯವೂ ಮುಗಿಯಿತು. ಮರಳಿ ಬಂದ ಅರಸೊತ್ತಿಗೆ 1816ರಲ್ಲಿ ಆತನನ್ನೂ ಶಿಷ್ಯ ಕಾರ್ನೋನನ್ನೂ ವಿಜ್ಞಾನ ಅಕಾಡೆಮಿಯಿಂದ ಹೊರಹಾಕಿತು. ಮೋಂಜ್‌ನ ಪೀಠದಲ್ಲಿ ಕೋಶಿ ಎಂಬ ತರುಣ ಗಣಿತಜ್ಞನನ್ನು ಕೂರಿಸಿತು. ಎರಡು ವರ್ಷಗಳ ತರುವಾಯ, 1818ರ ಜುಲೈ 28ರಂದು, ಮೋಂಜ್ ಪ್ಯಾರಿಸಿನಲ್ಲಿ ತೀರಿಕೊಂಡನು. ಅಂತ್ಯಕ್ರಿಯೆಗೆ ಹೋಗಲು ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳಿಗೆ ಸರ್ಕಾರ ಅಪ್ಪಣೆ ಕೊಡಲಿಲ್ಲ. ಹುಡುಗರು ಆಜ್ಞೆಯನ್ನು ಮೀರಲಿಲ್ಲ. ಬಿಡುವಿನ ದಿನ ಬಂದಾಗ ಕೂಡಿ ಸ್ಮಶಾನಕ್ಕೆ ನಡೆದು ಸಮಾಧಿಗೆ ಗೌರವ ಸಲ್ಲಿಸಿ ಬಂದರು. ಅವರಲ್ಲಿ ಬಹುಮಂದಿ ಆತನ ಪಾಠವನ್ನು ಕಿವಿಯಾರೆ ಕೇಳಿದವರಲ್ಲ. ಕೊಠಡಿಯ ಹಲಗೆಗಳ ಮೇಲೆ ಆತನ ಗೆರೆಗಳನ್ನು ಎಳೆದವರು ಮಾತ್ರ. 1989ರಲ್ಲಿ ಫ್ರಾನ್ಸ್ ಆತನ ಅವಶೇಷಗಳನ್ನು ತನ್ನ ಮಹಾಪುರುಷರ ಸಮಾಧಿಮಂದಿರವಾದ ಪಾಂತೆಯಾನಿಗೆ ತಂದಿತು.

ವಿದ್ಯೆಯಾದರೋ ಅಷ್ಟು ಹೊತ್ತಿಗೆ ಲೋಕವನ್ನೇ ಸುತ್ತಿತ್ತು. ಶಿಷ್ಯ ದ್ಯುಪಾಂ 1819ರಿಂದ ಪ್ಯಾರಿಸಿನ ಕಲೆ ಮತ್ತು ಕಸುಬುಗಳ ಸಂಸ್ಥೆಯಲ್ಲಿ ಪ್ರಾಧ್ಯಾಪಕನಾಗಿ, ಮುಂದೆ ಕೆಲಸಗಾರರಿಗಾಗಿಯೇ ರೇಖಾಗಣಿತದ ಪಾಠಗಳನ್ನು ನಡೆಸಿದನು. ಪಾಲಿಟೆಕ್ನಿಕ್ಕಿನಲ್ಲಿ ಓದಿದ ಕ್ರೊಝೆ ಎಂಬಾತ ಅದನ್ನು ಅಮೆರಿಕದ ವೆಸ್ಟ್ ಪಾಯಿಂಟ್ ಶಾಲೆಗೆ ಒಯ್ದು, 1821ರಲ್ಲಿ ಇಂಗ್ಲಿಷಿನಲ್ಲಿ ಪಠ್ಯಪುಸ್ತಕ ಬರೆದನು. ಇಂದು ಗಣಕಯಂತ್ರ ಕ್ಷಣಾರ್ಧದಲ್ಲಿ ವಸ್ತುವನ್ನು ಹೇಗೆ ಬೇಕಾದರೂ ತಿರುಗಿಸಿ ತೋರಿಸುತ್ತದೆ. ಆದರೆ ಅದು ತೋರಿಸಿದುದನ್ನು ಓದಬಲ್ಲ ಕಣ್ಣು ಗೆರೆಯೆಳೆದ ಕೈಯಿಂದಲೇ ಬರಬೇಕೆಂಬುದನ್ನು ನಕ್ಷೆಯ ಪಾಠ ಹೇಳುವ ಉಪಾಧ್ಯಾಯರು ಬಲ್ಲರು.

ನಮ್ಮ ಪ್ರೌಢಶಾಲೆಗಳಲ್ಲಿ ಚಿತ್ರ ಬರೆಯುವ ಅವಧಿಯನ್ನು ಓದಿನ ನಡುವಣ ವಿಶ್ರಾಂತಿಯೆಂದು ಎಣಿಸುವವರುಂಟು. ಕೈಕೆಲಸ ಕಲಿಯುವುದು ಓದಿನಲ್ಲಿ ಹಿಂದುಳಿದವರ ಪಾಡೆಂದು ತಿಳಿಯುವವರೂ ಉಂಟು. ಗಾರೆಯ ಕೋಣೆಗೆ ಹೋಗೆಂದು ಕಳುಹಿಸಲ್ಪಟ್ಟ ಹುಡುಗ ಅಲ್ಲಿಂದ ಏನನ್ನು ತಂದನೆಂಬುದನ್ನು ಅಂಥವರು ಒಮ್ಮೆ ಎಣಿಸಿ ನೋಡುವುದು ಒಳ್ಳೆಯದು. ಯಾವುದೋ ಊರಿನ ಶಾಲೆಯಲ್ಲಿ ಬಡಗಿಯ ಮಗಳೂ ವಕೀಲರ ಮಗನೂ ಒಂದೇ ಮೇಜಿನ ಮುಂದೆ ನಿಂತು ಅದೇ ಅಡ್ಡಗೆರೆಯನ್ನು ಎಳೆಯುವ ದಿನ, ಮೋಂಜ್ ಬಯಸಿದ್ದ ಪಾಠ ನಡೆಯುತ್ತಿರುತ್ತದೆ.